ಕೊಲೆಸ್ಟರಾಲ್ ಮತ್ತು ತರಕಾರಿ

ರಕ್ತಪರೀಕ್ಷೆಯ ವರದಿಯಲ್ಲಿ ಕೊಲೆಸ್ಟರಾಲ್ ಹೆಚ್ಚಾಗಿದೆಯೆಂದು ತಿಳಿದಾಗ ಸಸ್ಯಾಹಾರಿ ಕುಟುಂಬಗಳಲ್ಲಿ ಮೊದಲು ಮೂಡುವುದು ಅಚ್ಚರಿ. ಮಾಂಸ, ಮೊಟ್ಟೆಗಳನ್ನು ಮುಟ್ಟದವರಿಗೆ ಇದು ಹೇಗೆ ಬಂದಿತು ಎಂಬ ಪ್ರಶ್ನೆ ಸಹಜವಾದುದೇ. ಆದರೆ ದೇಹದಲ್ಲಿರುವ ಕೊಲೆಸ್ಟರಾಲಿನ ಬಹುಭಾಗ ಊಟದಿಂದ ಬಂದುದಲ್ಲ. ಯಕೃತ್ತು ಮತ್ತು ಇತರ ಅಂಗಾಂಶಗಳು ತಯಾರಿಸಿದುದು. ಜೀವಕೋಶಗಳ ಪೊರೆಗೆ, ಕೆಲವು ಹಾರ್ಮೋನುಗಳಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ತುಪ್ಪ, ಬೆಣ್ಣೆ, ವನಸ್ಪತಿ, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆಗಳಲ್ಲಿ ಹೆಚ್ಚಾಗಿರುವ ಪರ್ಯಾಪ್ತ ಕೊಬ್ಬು ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತದೆ. ಎಣ್ಣೆಯ ಪೊಟ್ಟಣದ ಮೇಲೆ ‘ಕೊಲೆಸ್ಟರಾಲ್ ರಹಿತ’ ಎಂದು ಅಚ್ಚಾಗಿರುವುದನ್ನು ಕಂಡು ನಿಶ್ಚಿಂತರಾಗಬೇಕಾಗಿಲ್ಲ. ಸಸ್ಯಜನ್ಯ ಎಣ್ಣೆಗಳಲ್ಲಿ ಅದು ಮೊದಲಿನಿಂದಲೂ ಇಲ್ಲವೆಂದೇ ಹೇಳಬೇಕು. ಇಲ್ಲದುದನ್ನು ಇಲ್ಲವೆಂದು ಸಾರುವುದು ವ್ಯಾಪಾರದ ಜಾಣತನ ಮಾತ್ರ.

ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತು ಸಾಗಿಸುವ ಕಣಗಳಲ್ಲಿ ಎಲ್‌ಡಿಎಲ್ ಎಂಬುದು ಮುಖ್ಯವಾದುದು. ಇದು ಹೆಚ್ಚಾದಾಗ ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗಿ, ವರ್ಷಗಳು ಕಳೆದಂತೆ ರಕ್ತದ ಹಾದಿ ಕಿರಿದಾಗುತ್ತದೆ. ಹೃದಯಾಘಾತ, ಪಾರ್ಶ್ವವಾಯುಗಳ ಮೂಲ ಅನೇಕ ವೇಳೆ ಇಲ್ಲಿದೆ. ಈ ಬೆಳವಣಿಗೆಯಲ್ಲಿ ನೋವಾಗಲಿ ಜ್ವರವಾಗಲಿ ಕಾಣಿಸಿಕೊಳ್ಳುವುದಿಲ್ಲ. ಸಾಮಾನ್ಯವಾಗಿ ಎಲ್‌ಡಿಎಲ್ 100 ಮಿಲಿ ಲೀಟರ್ ರಕ್ತದ್ರವದಲ್ಲಿ 100 ಮಿಲಿಗ್ರಾಮಿಗಿಂತ ಕಡಿಮೆಯಿರುವುದು ಒಳ್ಳೆಯದು. ಹೃದ್ರೋಗವಿರುವವರಲ್ಲಿ ವೈದ್ಯರು ಅದನ್ನು 70ಕ್ಕಿಂತಲೂ ಕೆಳಗೆ ಇಳಿಸಲು ಯತ್ನಿಸುತ್ತಾರೆ.

ತರಕಾರಿ ಇಲ್ಲಿ ಹೇಗೆ ನೆರವಾಗುತ್ತದೆ? ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತಾಮ್ಲಗಳನ್ನು ತಯಾರಿಸಿ, ಕೊಬ್ಬಿನ ಜೀರ್ಣಕ್ರಿಯೆಗಾಗಿ ಕರುಳಿಗೆ ಕಳುಹಿಸುತ್ತದೆ. ದೇಹವು ಮಿತವ್ಯಯಿ, ಕೆಲಸ ಮುಗಿದ ಮೇಲೆ ಈ ಆಮ್ಲಗಳ ಬಹುಪಾಲನ್ನು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೀರಿಕೊಂಡು ಯಕೃತ್ತಿಗೆ ಹಿಂದಿರುಗಿಸುತ್ತದೆ. ತರಕಾರಿಯಲ್ಲಿರುವ, ನೀರಿನಲ್ಲಿ ಕರಗಿ ಲೋಳೆಯಂತಾಗುವ ನಾರು ಈ ಆಮ್ಲಗಳನ್ನು ಹಿಡಿದಿಟ್ಟು ಸ್ವಲ್ಪ ಭಾಗವನ್ನು ಮಲದೊಡನೆ ಹೊರಗೆ ಸಾಗಿಸುತ್ತದೆ. ಕೊರತೆಯನ್ನು ತುಂಬಲು ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳನ್ನು ಸೆಳೆದುಕೊಂಡು ಹೊಸ ಪಿತ್ತಾಮ್ಲಗಳನ್ನು ತಯಾರಿಸಬೇಕಾಗುತ್ತದೆ. ಹೀಗೆ ರಕ್ತದಲ್ಲಿನ ಮಟ್ಟ ಇಳಿಯುತ್ತದೆ. ಜೀವಕೋಶಗಳು ಎಲ್‌ಡಿಎಲ್ ಕಣವನ್ನು ಸೆಳೆದುಕೊಳ್ಳುವ ಬಗೆಯನ್ನು ಕಂಡುಹಿಡಿದ ಅಮೆರಿಕದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಇಂತಹ ನಾರು ಬೆಂಡೆಕಾಯಿ, ಬದನೆಕಾಯಿ, ಗೋರಿಕಾಯಿ, ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸುಗಳಲ್ಲಿದೆ. ಅವರೆ, ಅಲಸಂದೆ ಮೊದಲಾದ ಕಾಳುಗಳಲ್ಲಿ ಇನ್ನೂ ಹೆಚ್ಚಾಗಿದೆ. ಉತ್ತರ ಕರ್ನಾಟಕದವರು ಚವಳಿಕಾಯಿ ಎನ್ನುವ ಗೋರಿಕಾಯಿಯನ್ನು ಹೊರನಾಡಿನ ಕನ್ನಡಿಗರು ಎಲ್ಲ ಕಡೆಯೂ ಕೊಳ್ಳಬಹುದು. ಮುಂಬಯಿ, ಪುಣೆಗಳಲ್ಲಿ ಅದು ಗವಾರ, ಚೆನ್ನೈಯಲ್ಲಿ ಕೊತ್ತವರಂಗಾಯ್, ಹೈದರಾಬಾದಿನಲ್ಲಿ ಗೋರುಚಿಕ್ಕುಡು, ದೆಹಲಿಯಲ್ಲಿ ಗ್ವಾರ್ ಫಲಿ. ಇದೇ ಗಿಡದ ಬಲಿತ ಬೀಜದಿಂದ ತೆಗೆಯುವ ಅಂಟು ಕೊಲೆಸ್ಟರಾಲನ್ನು ಇಳಿಸಬಲ್ಲದೆಂಬುದು ಪ್ರಯೋಗಗಳಿಂದ ತಿಳಿದುಬಂದಿದೆ. ಎಳೆಯ ಕಾಯಿಯಲ್ಲಿ ಅಷ್ಟು ಶಕ್ತಿಯಿಲ್ಲದಿದ್ದರೂ ಅದನ್ನು ಬಡವರ ತರಕಾರಿಯೆಂದು ಕಡೆಗಣಿಸುವುದು ಸರಿಯಲ್ಲ.

ಬೆಂಡೆಕಾಯಿಯ ಲೋಳೆಯನ್ನು ಅನೇಕರು ಇಷ್ಟಪಡುವುದಿಲ್ಲ. ಅದನ್ನು ಕಳೆಯಲೆಂದೇ ಬಾಣಲೆಗೆ ಧಾರಾಳವಾಗಿ ಎಣ್ಣೆ ಸುರಿದು ಹುರಿಯುತ್ತಾರೆ. ಆದರೆ ಉಪಕಾರಿಯಾದ ನಾರು ಇರುವುದು ಆ ಲೋಳೆಯಲ್ಲಿಯೇ. ಹುಣಿಸೆಹುಳಿ ಅಥವಾ ಮಜ್ಜಿಗೆ ಬೆರೆಸಿದರೆ ಅಂಟು ತಗ್ಗುತ್ತದೆ. ಗೊಜ್ಜಿಗೆ ಒಂದೆರಡು ಚಮಚ ಎಣ್ಣೆ ಸಾಕು. ಬದನೆಕಾಯಿಯ ವಿಷಯದಲ್ಲಿ ಎಚ್ಚರಿಕೆ ಇನ್ನಷ್ಟು ಅಗತ್ಯ. ಅದರ ತಿರುಳು ಸ್ಪಂಜಿನಂತೆ ಎಣ್ಣೆಯನ್ನು ಕುಡಿಯುತ್ತದೆ. ಎಣ್ಣೆಗಾಯಿ ಹಬ್ಬ ಹರಿದಿನಗಳಿಗಿರಲಿ. ದಿನನಿತ್ಯದ ಊಟಕ್ಕೆ ಸುಟ್ಟ ಬದನೆಕಾಯಿಯ ಗೊಜ್ಜು ಅಥವಾ ಮರಾಠಿಗರು ಭರೀತ ಎನ್ನುವ ವ್ಯಂಜನ ಲೇಸು. ಪಲ್ಯಕ್ಕೆ ತೆಂಗಿನ ತುರಿಯನ್ನು ಉದುರಿಸುವ ಪದ್ಧತಿಯನ್ನು ಬಿಡಬೇಕಾಗಿಲ್ಲವಾದರೂ ಕೈ ಸ್ವಲ್ಪ ಹಿಡಿತದಲ್ಲಿರಬೇಕು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರಿಗೆ ಬಳಸುವ ಹಳೆಯ ಮೈಸೂರಿನ ರೂಢಿ ಮೆಚ್ಚತಕ್ಕದ್ದು. ಕರಗಿದ ನಾರೂ ಜೀವಸತ್ವಗಳೂ ಆ ನೀರಿನಲ್ಲಿರುತ್ತವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ, 2000 ಕಿಲೋ ಕ್ಯಾಲರಿ ಆಹಾರ ಸೇವಿಸುವವರಿಗೆ ದಿನಕ್ಕೆ 400 ಗ್ರಾಂ ತರಕಾರಿ ಮತ್ತು 100 ಗ್ರಾಂ ಹಣ್ಣನ್ನು ಸೂಚಿಸಲಾಗಿದೆ. ಸಾರಿನಲ್ಲಿ ತೇಲುವ ಮೂರು ನಾಲ್ಕು ಹೋಳುಗಳಿಂದ ಈ ಪ್ರಮಾಣ ಒದಗಲಾರದು. ಮಧ್ಯಾಹ್ನ ಒಂದು ಪಲ್ಯ, ಒಂದು ಕೋಸಂಬರಿ, ರಾತ್ರಿ ಸೊಪ್ಪಿನ ಹುಳಿ ಅಥವಾ ಮಸೊಪ್ಪು ಇದ್ದರೆ ಅದರ ಹತ್ತಿರಕ್ಕೆ ಬರಬಹುದು. ಆಲೂಗಡ್ಡೆಯನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಅದು ಹೆಚ್ಚಾಗಿ ಪಿಷ್ಟ. ಇನ್ನೊಂದು ಸಂಗತಿ: ಎಂದಿನಷ್ಟೇ ಅನ್ನ, ಎಂದಿನಷ್ಟೇ ಕರಿದ ತಿಂಡಿ ಉಂಡು, ಅದರ ಮೇಲೆ ತರಕಾರಿಯನ್ನು ಸೇರಿಸುವುದರಿಂದ ಲಾಭ ಅಲ್ಪ. ತಟ್ಟೆಯಲ್ಲಿ ಅದು ಅವುಗಳ ಜಾಗವನ್ನು ಆಕ್ರಮಿಸಬೇಕು.

ಪರಿಣಾಮ ಎಷ್ಟಾಗಬಹುದು? ಕೆನಡಾದ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನಾರ್ಹ. ಕೊಲೆಸ್ಟರಾಲ್ ಹೆಚ್ಚಿದ್ದ 46 ಮಂದಿಯಲ್ಲಿ ಒಂದು ಗುಂಪಿಗೆ ಬೆಂಡೆ, ಬದನೆ, ಓಟ್ಸ್, ಬಾರ್ಲಿ, ಇಸಬಗೋಲು, ಸೋಯಾ, ಬಾದಾಮಿ ಹಾಗೂ ಸಸ್ಯಗಳಿಂದ ತೆಗೆದ ಸ್ಟೆರಾಲುಗಳಿದ್ದ ಆಹಾರವನ್ನು ಒಂದು ತಿಂಗಳು ನೀಡಲಾಯಿತು. ಎಲ್‌ಡಿಎಲ್ ಸುಮಾರು ಶೇಕಡಾ 29ರಷ್ಟು ಇಳಿಯಿತು. ಕೊಬ್ಬು ಕಡಿಮೆಯಿರುವ ಆಹಾರದೊಡನೆ ಸ್ಟ್ಯಾಟಿನ್ ಮಾತ್ರೆ ಪಡೆದವರಲ್ಲಿ ಇಳಿಕೆ ಸುಮಾರು ಶೇಕಡಾ 31. ಆದರೆ ಆ ಆಹಾರವನ್ನು ಸಂಶೋಧಕರೇ ಅಳೆದು ಒದಗಿಸಿದ್ದರು. ಅದರ ಯಶಸ್ಸು ತರಕಾರಿಯೊಂದರದೇ ಅಲ್ಲ. ಜನರು ತಮ್ಮ ಮನೆಗಳಲ್ಲಿಯೇ ಅಂತಹ ಆಹಾರವನ್ನು ಆರು ತಿಂಗಳು ಅನುಸರಿಸಿದಾಗ ಇಳಿಕೆ ಸುಮಾರು ಶೇಕಡಾ 13ಕ್ಕೆ ನಿಂತಿತೆಂದು 2011ರಲ್ಲಿ ಅದೇ ತಂಡ ವರದಿ ಮಾಡಿತು. ತರಕಾರಿ ಮಾತ್ರ ಹೆಚ್ಚಿಸಿದಾಗ ಇದಕ್ಕಿಂತ ಕಡಿಮೆಯನ್ನೇ ನಿರೀಕ್ಷಿಸಬೇಕು.

ಈ ಲೆಕ್ಕವನ್ನು ಮರೆಯುವುದು ಅಪಾಯಕರ. ಎಲ್‌ಡಿಎಲ್ 160 ಇರುವವರೊಬ್ಬರು ಊಟವನ್ನು ಪೂರ್ತಿಯಾಗಿ ತಿದ್ದಿಕೊಂಡು ಶೇಕಡಾ 13ರಷ್ಟು ಇಳಿಸಿದರೆ ಅದು 139ಕ್ಕೆ ಬರುತ್ತದೆ. ಬೇರೆ ಅಪಾಯಗಳಿಲ್ಲದವರಿಗೆ ಇದು ಒಳ್ಳೆಯ ಆರಂಭ. ಒಮ್ಮೆ ಹೃದಯಾಘಾತವಾದವರಿಗೆ ಇದು ಏನೇನೂ ಸಾಲದು. ಮಾತ್ರೆಯಿಂದ ವರದಿ ಸರಿಯಾದೊಡನೆ, ಇನ್ನು ಸೊಪ್ಪು ತರಕಾರಿಯೇ ಸಾಕೆಂದು ಮಾತ್ರೆ ಬಿಡುವವರಿದ್ದಾರೆ. ಕೆಲವು ವಾರಗಳಲ್ಲಿ ಎಲ್‌ಡಿಎಲ್ ಹಿಂದಿನ ಮಟ್ಟಕ್ಕೆ ಮರಳುತ್ತದೆ, ತಿಳಿಯುವುದು ಮಾತ್ರ ಮುಂದಿನ ಪರೀಕ್ಷೆಯಲ್ಲಿ. ವಂಶಪಾರಂಪರ್ಯವಾಗಿ ಎಲ್‌ಡಿಎಲ್ ಅತಿಯಾಗಿರುವ ಕುಟುಂಬಗಳಲ್ಲಿ ಎಳೆಯ ವಯಸ್ಸಿನಲ್ಲಿಯೇ ಪರೀಕ್ಷೆಯೂ ಔಷಧವೂ ಬೇಕಾಗುತ್ತವೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಸೊಪ್ಪಿನ ಪ್ರಮಾಣವನ್ನು ಹಠಾತ್ತನೆ ಬದಲಿಸಕೂಡದು. ಮೂತ್ರಪಿಂಡದ ಕಾಯಿಲೆಯವರು ಯಾವ ತರಕಾರಿ, ಎಷ್ಟು ಎಂಬುದನ್ನು ವೈದ್ಯರಿಂದ ತಿಳಿದುಕೊಳ್ಳಬೇಕು. ಉಳಿದವರು ಊಟದಲ್ಲಿ ಮಾಡಿಕೊಂಡ ಬದಲಾವಣೆಯ ಫಲವನ್ನು ಎರಡು ಮೂರು ತಿಂಗಳ ನಂತರ ಮತ್ತೊಂದು ರಕ್ತಪರೀಕ್ಷೆಯಿಂದ ಅರಿಯಬಹುದು. ಹಳೆಯ ಮತ್ತು ಹೊಸ ವರದಿಗಳೆರಡನ್ನೂ ವೈದ್ಯರಿಗೆ ತೋರಿಸತಕ್ಕದ್ದು.