ಗಡಿಯಾರ ನೋಡಿ ಕೊಡುವ ಮಾತ್ರೆ
ಬೆಂಗಳೂರಿನ ಹಾಸ್ಪಿಸ್‌ನಲ್ಲಿ ಕ್ಯಾನ್ಸರ್ ರೋಗಿಗಳ ಶುಶ್ರೂಷೆ ಮಾಡುತ್ತಾ ಕಲಿತದ್ದು.

1. ನೋವು ಬಂದಮೇಲೆ ಮಾತ್ರೆ ಕೊಡುವುದಲ್ಲ, ಬರುವ ಮೊದಲೇ ಕೊಡಬೇಕು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಪಟ್ಟುಹಿಡಿದು ಹೇಳಿದ್ದೂ ಇದನ್ನೇ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪ್ರಭಾವ ನಾಲ್ಕು ಗಂಟೆ. ಹಾಗಾಗಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಮಲಗುವಾಗ ಡಾಕ್ಟರು ಎರಡರಷ್ಟು ಬರೆಯುವುದುಂಟು, ನಡುರಾತ್ರಿ ಎಬ್ಬಿಸುವುದು ತಪ್ಪುತ್ತದೆ. ನಡುವೆ ನೋವು ನುಗ್ಗಿದರೆ ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗ ಹೆಚ್ಚುವರಿ: 60 ಮಿಲಿಗ್ರಾಂ ತೆಗೆದುಕೊಳ್ಳುವವರಿಗೆ 10. ಅದನ್ನು ಕೊಟ್ಟೆವೆಂದು ಮುಂದಿನ ಹೊತ್ತಿನದನ್ನು ಬಿಡಬಾರದು. ಹೆಚ್ಚುವರಿ ಕೊಟ್ಟಿದ್ದನ್ನೆಲ್ಲ ಬರೆದಿಡಿ. ಡಾಕ್ಟರು ಡೋಸ್ ಏರಿಸುವುದು ಆ ಚೀಟಿ ನೋಡಿಯೇ.

2. "ಮಾರ್ಫಿನ್ ಶುರು ಮಾಡಿದ್ರೆ ಅಪ್ಪ ಇನ್ನು ಹೆಚ್ಚು ದಿನ ಇರಲ್ಲ ಅಂತಾನಾ ಸಿಸ್ಟರ್?" ಮಗಳು ವಾರ್ಡಿನ ಹೊರಗೆ ಕರೆದು ಕೇಳುತ್ತಾಳೆ. ಚಟ ಹತ್ತೀತು ಎಂದು ಮಗ ಸ್ಟ್ರಿಪ್ಪನ್ನು ಬೀರುವಿನಲ್ಲಿಟ್ಟಿರುತ್ತಾನೆ. ಒಳಗೆ ಅಪ್ಪ ಮಂಚದ ಕಂಬಿ ಬಿಗಿಯಾಗಿ ಹಿಡಿದು, "ಇರ್ಲಿ ಬಿಡಮ್ಮ, ತಡ್ಕೋತೀನಿ" ಎನ್ನುತ್ತಾರೆ. ಈ ಮೂವರ ಜೊತೆಯೂ ಕೂತು ಮಾತಾಡದೆ ಮಾತ್ರೆ ಕೈಗಿಟ್ಟರೆ ಅದು ಹೊಟ್ಟೆ ಸೇರುವುದಿಲ್ಲ. ಕ್ಯಾನ್ಸರ್ ನೋವಿಗೆ ಸರಿಯಾದ ಅಳತೆಯಲ್ಲಿ ಕೊಟ್ಟ ಮಾರ್ಫಿನ್ ಆಯಸ್ಸು ಕಡಿಮೆ ಮಾಡುವುದಿಲ್ಲ, ಚಟಕ್ಕೆ ಬೀಳುವುದೂ ತೀರಾ ವಿರಳ. ಆದರೆ ಹಠಾತ್ತನೆ ನಿಲ್ಲಿಸಬಾರದು. ನೋವು ಇಳಿದ ಮೇಲೆ ಅದೇ ಅಪ್ಪ ತಿಂಗಳಿಂದ ಮುಟ್ಟದ ರಾಗಿ ಮುದ್ದೆ ಕೇಳಿದ್ದನ್ನು ಕಂಡಿದ್ದೇನೆ.

3. ಮಲಬದ್ಧತೆಗೆ ಮೊದಲ ದಿನದಿಂದಲೇ ಮದ್ದು. ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಗ್ಗುತ್ತವೆ. ಮಲಬದ್ಧತೆ ಮಾತ್ರ ಮಾರ್ಫಿನ್ ಇರುವಷ್ಟು ದಿನವೂ ಇರುತ್ತದೆ.

4. ಎಲ್ಲ ನೋವೂ ಮಾರ್ಫಿನ್‌ಗೆ ಪೂರ್ತಿ ಬಗ್ಗುವುದಿಲ್ಲ. "ಉರಿಯುತ್ತೆ, ಕರೆಂಟ್ ಹೊಡೆದ ಹಾಗೆ" ಎಂದರೆ ಅದು ನರದ ನೋವು, ಜೊತೆಗೆ ಅಮಿಟ್ರಿಪ್ಟಿಲಿನ್ ಅಥವಾ ಗ್ಯಾಬಪೆಂಟಿನ್ ಬೇಕಾಗಬಹುದು. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ಒಂದೇ ಸಲದ ರೇಡಿಯೇಷನ್ ಕೂಡ ಎಷ್ಟೋ ಜನರಿಗೆ ಆರಾಮ ಕೊಡುತ್ತದೆ.

5. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರು ತೀರಾ ನಿಧಾನ, ಕೈಕಾಲು ಜಗ್ಗುವುದು: ಕೂಡಲೇ ಡಾಕ್ಟರಿಗೆ ತಿಳಿಸಿ. ಕಿಡ್ನಿ ಸೋತವರಲ್ಲಿ ಈ ಅಪಾಯ ಹೆಚ್ಚು, ಮಾರ್ಫಿನ್‌ನಿಂದ ಹುಟ್ಟುವ ಅಂಶಗಳು ಮೈಯಲ್ಲೇ ಉಳಿಯುತ್ತವೆ. ನೋವಿಗೆಂದು ಚರ್ಮದ ಮೇಲೆ ಫೆಂಟನಿಲ್ ಮದ್ದಿನ ಪಟ್ಟಿ ಅಂಟಿಸಿದ್ದರೆ ಆ ಜಾಗಕ್ಕೆ ಬಿಸಿನೀರಿನ ಶಾಖ ಕೊಡಲೇಬೇಡಿ, ಮದ್ದು ಬೇಗ ಒಳಗಿಳಿದು ಅಪಾಯವಾಗುತ್ತದೆ.

6. ಔಷಧಿಗಾಗಿ ಸರ್ಕಾರದ ಲೈಸೆನ್ಸಿನಡಿ ಅಫೀಮು ಬೆಳೆಯುವ ದೇಶ ನಮ್ಮದು. ಆದರೂ 1985ರ ಮಾದಕವಸ್ತು ಕಾಯ್ದೆಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿ ನಿಯಮ ಸಡಿಲಿಸಿತು, ಭಯ ಸಡಿಲಾಗಿಲ್ಲ. ತಾಲ್ಲೂಕಿನ ರೋಗಿ ಒಂದು ಸ್ಟ್ರಿಪ್ಪಿಗಾಗಿ ಬಸ್ಸು ಹತ್ತಿ ಬರುವುದು ನನಗೆ ಇವತ್ತಿಗೂ ಸಹಿಸಲಾಗದ ಅನ್ಯಾಯ.

7. ನುಂಗಲಾಗದ ಹಂತ ಬಂದರೆ ನೋವಿನ ಮದ್ದು ನಿಲ್ಲಿಸಬೇಡಿ. ಚರ್ಮದಡಿ ಸಣ್ಣ ಸೂಜಿ ಇಟ್ಟು ಕೊಡಬಹುದು. ಮಾತ್ರೆಗಿಂತ ಕಡಿಮೆ ಪ್ರಮಾಣ ಸಾಕು, ಲೆಕ್ಕ ಡಾಕ್ಟರದ್ದು. ಮಾತಾಡಲಾಗದವರ ಹುಬ್ಬು ಗಂಟಿಕ್ಕಿದೆಯೇ, ಮಗ್ಗುಲು ಬದಲಿಸುವಾಗ ನರಳುತ್ತಾರೆಯೇ ನೋಡುತ್ತಿರಿ. ಉಳಿದ ಮಾತ್ರೆಗಳನ್ನು ಮನೆಯಲ್ಲಿಡದೆ ಎಣಿಸಿ ಹಾಸ್ಪಿಸ್‌ಗೆ ಒಪ್ಪಿಸಿ.