ಸೆಡಾನ್ ಕೊಳ್ಳುವ ಮುನ್ನ

ನಾಲ್ಕು ಮೀಟರಿನೊಳಗಿನ ಸೆಡಾನ್ ಕೊಳ್ಳಬೇಕೆಂದಿದ್ದೀರಾ? ಮೊದಲು ಡಿಕ್ಕಿ ತೆಗೆಸಿ ನೋಡಿ. ಡಿಸೈರ್‌ನಲ್ಲಿ 382 ಲೀಟರ್, ಅಮೇಜ್‌ನಲ್ಲಿ 416 ಲೀಟರ್ ಎಂಬ ಲೆಕ್ಕವೆಲ್ಲ ಪೆಟ್ರೋಲ್ ಗಾಡಿಗೆ. ಸಿಎನ್‌ಜಿ ಡಿಸೈರ್‌ನಲ್ಲಿ ಸಿಲಿಂಡರೇ ಡಿಕ್ಕಿಯ ಬಹುಪಾಲು ನುಂಗುತ್ತದೆ. ಟಿಗೋರ್‌ನಲ್ಲಿ ಎರಡು ಸಣ್ಣ ಸಿಲಿಂಡರ್‌ಗಳನ್ನು ಕೆಳಗೆ ಮಲಗಿಸಿರುವುದರಿಂದ ಒಂದಷ್ಟು ಸಾಮಾನು ಹಿಡಿಯುತ್ತದೆ. ಹಬ್ಬಕ್ಕೆ ಮನೆಮಂದಿಯೆಲ್ಲ ಊರಿಗೆ ಹೊರಡುವವರಿಗೆ ಇದು ಸಣ್ಣ ವಿಷಯವಲ್ಲ.

ದಿನಾ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವವರು ಗೇರ್‌ಬಾಕ್ಸ್ ಬಗ್ಗೆಯೇ ಹೆಚ್ಚು ಯೋಚಿಸಬೇಕು. ಡಿಸೈರ್‌ನ ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ಚು, ಗೇರು ಎರಡನ್ನೂ ಯಂತ್ರ ನೋಡಿಕೊಳ್ಳುತ್ತದೆ. ಅಷ್ಟಷ್ಟೇ ಮುಂದೆ ಸರಿಯುವ ಟ್ರಾಫಿಕ್‌ನಲ್ಲಿ ಅದು ಸ್ವಲ್ಪ ಜಗ್ಗುತ್ತದೆ. ಅಮೇಜ್‌ನ ಸಿವಿಟಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜಗ್ಗುವುದಿಲ್ಲ, ಆದರೆ ಬೆಲೆ ಜಾಸ್ತಿ. ನನ್ನ ಮಾತು ಕೇಳುವುದಾದರೆ, ನಗರದಲ್ಲೇ ಓಡಿಸುವವರು ಆ ಹಣ ಕೊಡಿ.

ಶಿರಾಡಿ, ಚಾರ್ಮಾಡಿ ಘಾಟಿ ಹತ್ತುವವರು ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು, ಏಸಿ ಹಾಕಿ, ಹತ್ತಿರದ ಯಾವುದಾದರೂ ಏರು ಹತ್ತಿಸಿ. ಡಿಸೈರ್‌ನದು 3 ಸಿಲಿಂಡರ್ ಎಂಜಿನ್. ಅಮೇಜ್, ಔರಾ ಎರಡರದ್ದೂ 4. ಷೋರೂಮಿನ ಮುಂದಿನ ಸಮತಟ್ಟು ರಸ್ತೆಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ.

ಮೈಲೇಜು, ಮರುಮಾರಾಟದ ಬೆಲೆ, ಸಣ್ಣ ಊರಿನಲ್ಲೂ ರಿಪೇರಿ ಗೊತ್ತಿರುವ ಮೆಕ್ಯಾನಿಕ್ಕು ಮುಖ್ಯವೆನ್ನುವವರಿಗೆ ಡಿಸೈರ್ ಸರಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಗ್ಲೋಬಲ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯ 5 ನಕ್ಷತ್ರ ಬಂದಿರುವುದು 2024ರ ಕೊನೆಗೆ ಬಂದ ಹೊಸ ಡಿಸೈರ್‌ಗೆ, ಹಳೆಯದಕ್ಕಲ್ಲ. ಆರ್‌ಸಿಯಲ್ಲಿ ತಯಾರಾದ ತಿಂಗಳು ನೋಡಿಯೇ ಮುಂಗಡ ಕೊಡಿ.