ಒಂದು ಕಡೆ ಕೂರದ ಮಗು: ಮನೆಯಲ್ಲಿ ಆರೈಕೆ ಹೇಗೆ?



ಭಾನುವಾರದ ಬಲಿಪೂಜೆಯಲ್ಲಿ ಪ್ರಬೋಧನೆ ನಡೆಯುತ್ತಿರುವಾಗ ಏಳೆಂಟು ವರ್ಷದ ಹುಡುಗನೊಬ್ಬ ಬೆಂಚಿನ ಕೆಳಗೆ ನುಸುಳುತ್ತಾನೆ, ಎದ್ದು ಬಾಗಿಲಿಗೆ ಓಡುತ್ತಾನೆ, ತಾಯಿ ಹಿಡಿದು ತಂದರೆ ಮತ್ತೆ ಓಡುತ್ತಾನೆ. ತಿರುಗಿ ನೋಡುವವರ ಕಣ್ಣು ಕೊನೆಗೆ ನಿಲ್ಲುವುದು ತಾಯಿಯ ಮೇಲೆ. "ಎರಡು ಬಿಗಿದರೆ ಸರಿಯಾಗುತ್ತಾನೆ" ಎಂದು ಯಾರೋ ಪಿಸುಗುಟ್ಟುತ್ತಾರೆ. ಮುಂದಿನ ವಾರ ಆ ತಾಯಿ ಪೂಜೆಗೆ ಬರುವುದಿಲ್ಲ. ಈ ತಿಂಗಳ ಆರೋಗ್ಯ ಪಾಠ ಆ ತಾಯಿಗಾಗಿ, ಜೊತೆಗೆ ತಿರುಗಿ ನೋಡಿದ ನಮಗಾಗಿ.

ಏನಿದು?

ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಈ ತೊಂದರೆಯನ್ನು ವೈದ್ಯರು ಎ.ಡಿ.ಎಚ್.ಡಿ. ಎನ್ನುತ್ತಾರೆ. ಇದು ಹೊಸ ಕಾಲದ ರೋಗವಲ್ಲ. 1902ರಲ್ಲೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಮಾಡಿದ್ದರು. ಮಿದುಳಿನಲ್ಲಿ ಗಮನವನ್ನೂ ಆತುರವನ್ನೂ ಹತೋಟಿಯಲ್ಲಿಡುವ ಭಾಗಗಳ ಬೆಳವಣಿಗೆಯಲ್ಲಿ ಬರುವ ವ್ಯತ್ಯಾಸ ಇದಕ್ಕೆ ಕಾರಣ. ವಂಶದಲ್ಲಿ ಬರುವುದೂ ಹೆಚ್ಚು. ದೃಷ್ಟಿ ತಾಗಿದ್ದರಿಂದಾಗಲಿ, ಗಾಳಿ ಸೋಕಿದ್ದರಿಂದಾಗಲಿ, ತಾಯಿಯ ಮುದ್ದಿನಿಂದಾಗಲಿ ಇದು ಬರುವುದಿಲ್ಲ.

ನಮ್ಮ ನೆರೆಯ ಕೊಯಮತ್ತೂರಿನಲ್ಲಿ ಪ್ರಾಥಮಿಕ ಶಾಲೆಯ 770 ಮಕ್ಕಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಮಕ್ಕಳಲ್ಲಿ ಇದು ಕಂಡುಬಂತು. ಹುಡುಗರಲ್ಲಿ ಹೆಚ್ಚು. ಹುಡುಗಿಯರಲ್ಲಿ ಎಷ್ಟೋ ಸಲ ಓಡಾಟ ಕಾಣುವುದಿಲ್ಲ. ಕಿಟಕಿಯ ಕಡೆ ನೋಡುತ್ತಾ ಕುಳಿತಿರುತ್ತಾರೆ. ಆದ್ದರಿಂದ ಅವರ ತೊಂದರೆ ಯಾರ ಗಮನಕ್ಕೂ ಬರುವುದಿಲ್ಲ.

ಗುರುತಿಸುವುದು ಹೇಗೆ?

ತುಂಟತನ ಎಲ್ಲ ಮಕ್ಕಳಲ್ಲೂ ಇದೆ. ವೈದ್ಯರು ನೋಡುವುದು ನಾಲ್ಕು ವಿಷಯ: ಲಕ್ಷಣಗಳು ಆರು ತಿಂಗಳಿಗೂ ಹೆಚ್ಚು ಕಾಲ ಇವೆಯೇ? ಹನ್ನೆರಡು ವರ್ಷಕ್ಕೆ ಮೊದಲೇ ಶುರುವಾದವೇ? ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣುತ್ತವೆಯೇ? ಓದು, ಸ್ನೇಹ, ದಿನದ ಬದುಕು ಇವುಗಳಿಂದ ಕೆಡುತ್ತಿದೆಯೇ?

ಮೂರನೆಯ ಪ್ರಶ್ನೆ ನಮಗೆ ಬಹಳ ಮುಖ್ಯ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಹಿಡಿದು ಬೆಳೆಯುತ್ತಾರೆ. ಪಾಠ ಅರ್ಥವಾಗದ ಮಗುವೂ ಚಡಪಡಿಸುತ್ತದೆ, ಹೇಳಿದ್ದನ್ನು ಮಾಡುವುದಿಲ್ಲ. ಮನೆಯಲ್ಲಿ ಅಜ್ಜಿಯ ಕನ್ನಡದ ಕಥೆಯನ್ನು ಕೊನೆಯವರೆಗೂ ಕೇಳುವ ಮಗು ಶಾಲೆಯಲ್ಲಿ ಮಾತ್ರ ಗಮನ ಕೊಡದಿದ್ದರೆ, ಮೊದಲು ಭಾಷೆಯ ತೊಡಕನ್ನು ನೋಡಬೇಕು. ಕಣ್ಣು ಮತ್ತು ಕಿವಿಯ ಪರೀಕ್ಷೆಯನ್ನೂ ಮಾಡಿಸಬೇಕು. ವೈದ್ಯರ ಬಳಿ ಹೋದಾಗ, "ಮಗುವಿನ ಮನೆಮಾತು ಕನ್ನಡ" ಎಂದು ಮೊದಲೇ ತಿಳಿಸಿ. ಶಾಲೆಯ ನೋಟ್ ಪುಸ್ತಕಗಳನ್ನೂ ತೆಗೆದುಕೊಂಡು ಹೋಗಿ.

ಮನೆಯೇ ವಾರ್ಡು, ತಾಯಿತಂದೆಯರೇ ದಾದಿಯರು

ಆರು ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ತಾಯಿತಂದೆಯರಿಗೆ ತರಬೇತಿ. ದೊಡ್ಡ ಮಕ್ಕಳಿಗೂ ಮಾತ್ರೆಯ ಜೊತೆ ಇದು ಬೇಕೇ ಬೇಕು. ಆಸ್ಪತ್ರೆಯ ದಾದಿಯರು ಕಲಿಸಿಕೊಡುವ ಕ್ರಮಗಳು ಇವು:

1. ದಿನಚರಿ ಒಂದೇ ರೀತಿ ಇರಲಿ. ಏಳುವುದು, ಊಟ, ಓದು, ಜಪಸರ, ಮಲಗುವುದು ಎಲ್ಲಕ್ಕೂ ನಿಗದಿಯಾದ ಹೊತ್ತು. ಶಾಲೆಗೆ ಹೋಗುವ ಮಗುವಿಗೆ 9 ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು.

2. ಒಂದು ಸಲಕ್ಕೆ ಒಂದೇ ಮಾತು. "ಪುಸ್ತಕ ಎತ್ತಿಟ್ಟು ಕೈ ತೊಳೆದು ಊಟಕ್ಕೆ ಬಾ" ಎಂದರೆ ಮಗುವಿಗೆ ಮೂರರಲ್ಲಿ ಒಂದೂ ನಿಲ್ಲುವುದಿಲ್ಲ. ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಕಣ್ಣು ನೋಡಿ "ಪುಸ್ತಕ ಎತ್ತಿಡು" ಎನ್ನಿ. ಮುಗಿದ ಮೇಲೆ ಮುಂದಿನದು.

3. ಹೊಗಳಿಕೆ ಕೂಡಲೇ ಸಿಗಲಿ. ಪರೀಕ್ಷೆ ಪಾಸಾದರೆ ಸೈಕಲ್ ಎಂಬ ಮಾತು ಈ ಮಗುವಿಗೆ ತುಂಬ ದೂರದ್ದು. ಹತ್ತು ನಿಮಿಷ ಕೂತರೆ ಗೋಡೆಯ ಹಾಳೆಯ ಮೇಲೆ ಒಂದು ನಕ್ಷತ್ರ. ಐದು ನಕ್ಷತ್ರಕ್ಕೆ ಇಷ್ಟದ ಆಟ.

4. ಓದನ್ನು ತುಂಡು ಮಾಡಿ. ಹದಿನೈದು ನಿಮಿಷ ಓದು, ಐದು ನಿಮಿಷ ಓಟ. ಟಿವಿ, ಮೊಬೈಲ್ ಆ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿರಲಿ.

5. ಮನೆ ಅಪಾಯವಿಲ್ಲದಂತಿರಲಿ. ಆತುರದ ಮಗುವಿಗೆ ಒಲೆ, ಬಾವಿ, ಹೆದ್ದಾರಿ ಮೂರೂ ಅಪಾಯ.

6. ಹೊಡೆಯಬೇಡಿ. ಪೆಟ್ಟಿನಿಂದ ಗಮನ ಬೆಳೆಯುವುದಿಲ್ಲ, "ನಾನು ಕೆಟ್ಟವನು" ಎಂಬ ನಂಬಿಕೆ ಬೆಳೆಯುತ್ತದೆ. ಮುಂದೆ ಆ ನಂಬಿಕೆಯನ್ನು ತೆಗೆಯುವುದೇ ದೊಡ್ಡ ಕಷ್ಟ.

ಮಾತ್ರೆ ಕೊಟ್ಟಿದ್ದರೆ

ಹೆಚ್ಚಾಗಿ ಕೊಡುವ ಔಷಧಿ ಮಿಥೈಲ್‌ಫೆನಿಡೇಟ್. ಇದಕ್ಕೆ ಕಾನೂನಿನ ಹತೋಟಿ ಇರುವುದರಿಂದ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ಮುಗಿಯುವ ಮೊದಲೇ ಚೀಟಿ ಹಿಡಿದು ಹೋಗಬೇಕು. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಇದರ ಸಾಮಾನ್ಯ ಅಡ್ಡಪರಿಣಾಮ. ಆದ್ದರಿಂದ ಬೆಳಗಿನ ತಿಂಡಿ ಹೊಟ್ಟೆ ತುಂಬ ತಿಂದ ಮೇಲೆ ಕೊಡಿ, ಸಂಜೆ ಕೊಡಬೇಡಿ. ಮಧ್ಯಾಹ್ನ ಊಟ ಬಿಟ್ಟರೆ ಗದರಬೇಡಿ, ರಾತ್ರಿ ಹಸಿವು ಮರಳಿದಾಗ ರಾಗಿ ಮುದ್ದೆ, ಮೊಟ್ಟೆ, ಹಾಲು ಚೆನ್ನಾಗಿ ಕೊಡಿ. ತೂಕವನ್ನು ತಿಂಗಳಿಗೊಮ್ಮೆ ಬರೆದಿಡಿ. ಎತ್ತರ, ನಾಡಿ, ರಕ್ತದೊತ್ತಡವನ್ನು ವೈದ್ಯರು ನೋಡುತ್ತಿರಬೇಕು. ಮನೆತನದಲ್ಲಿ ಹೃದಯದ ಕಾಯಿಲೆಯಿದ್ದರೆ ಮೊದಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ, ಹೆಚ್ಚಿಸಬೇಡಿ, ಇನ್ನೊಂದು ಮಗುವಿಗೆ ಕೊಡಬೇಡಿ.

ಎಲ್ಲಿಗೆ ಹೋಗಬೇಕು?

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತವೆ. ಅವರು ನೋಡುವ ತೊಂದರೆಗಳ ಪಟ್ಟಿಯಲ್ಲಿ ಇದೂ ಇದೆ. ಕೇಳಲು ಸಂಕೋಚ ಬೇಡ. ಸೇಲಂನಲ್ಲೂ ಧರ್ಮಪುರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಕನ್ನಡದಲ್ಲೇ ಮಗುವನ್ನು ಮಾತಾಡಿಸಬೇಕು ಎನ್ನುವವರಿಗೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಸಲಹೆ ಉಚಿತ.

ಧರ್ಮಕೇಂದ್ರದಲ್ಲಿ ನಾವು

ಜ್ಞಾನೋಪದೇಶದ ತರಗತಿಯಲ್ಲಿ ಈ ಮಗುವನ್ನು ಮುಂದಿನ ಸಾಲಿನಲ್ಲಿ, ಕಿಟಕಿಯಿಂದ ದೂರ ಕೂರಿಸಿ. ಪುಸ್ತಕ ಹಂಚುವ, ಮೇಣದಬತ್ತಿ ತರುವ ಕೆಲಸ ಕೊಡಿ. ಪ್ರಾರ್ಥನೆಯನ್ನು ಒಂದೊಂದೇ ಸಾಲಾಗಿ ಕಲಿಸಿ. ಪ್ರಥಮ ಪರಮಪ್ರಸಾದಕ್ಕೆ ಇನ್ನೊಂದು ವರ್ಷ ಕಾಯಿರಿ ಎನ್ನುವ ಮೊದಲು, ನಾವು ಕಲಿಸಿದ ರೀತಿ ಸರಿಯಿತ್ತೇ ಎಂದು ಕೇಳಿಕೊಳ್ಳಿ. ಮಕ್ಕಳನ್ನು ಕರೆತಂದವರನ್ನು ಶಿಷ್ಯರು ಗದರಿದಾಗ ಯೇಸು ಬೇಸರಪಟ್ಟದ್ದು ಶಿಷ್ಯರ ಮೇಲೆಯೇ ಹೊರತು ಮಕ್ಕಳ ಮೇಲಲ್ಲ.

ಕುಟುಂಬದಲ್ಲಿ ಮಾತಾಡಿಕೊಳ್ಳಲು

1. ನಮ್ಮ ಮಗುವಿಗೆ ಇಂದು ಗದರಿದ್ದು ಎಷ್ಟು ಸಲ, ಹೊಗಳಿದ್ದು ಎಷ್ಟು ಸಲ?
2. ಶಾಲೆಯಲ್ಲಿ ಮಗುವಿಗೆ ಯಾವ ಭಾಷೆಯ ಪಾಠ ಕಷ್ಟ ಎಂದು ಕೇಳಿದ್ದೇವೆಯೇ?
3. ಬರುವ ಭಾನುವಾರ ಆ ತಾಯಿಯ ಪಕ್ಕದಲ್ಲಿ ಕೂರುವವರು ಯಾರು?